ಉದ್ರಿ ಪುಟ

ಅಗ್ಗವೆಂದೇ ಬಂದೆ. ಅದರಲ್ಲೇನು ಮುಚ್ಚುಮರೆ.
ಗೆಂಟ್‌ನಲ್ಲಿ ಒಂದು ಕೋಣೆಗೆ ತೆರುತ್ತಿದ್ದ ಬಾಡಿಗೆಯ ಅರ್ಧಕ್ಕೆ
ಇಲ್ಲಿ, ಟುನೀಸಿಯಾದ ಗುಡ್ಡದ ಮೇಲಿನ ಎಲ್ ಕೆಫ್‌ನಲ್ಲಿ,
ಮೂರು ಕೋಣೆ, ಎರಡು ಬಾಲ್ಕನಿ,
ಅಂಗಳದ ಅಂಜೂರದ ನೆತ್ತಿಯಷ್ಟು ನನ್ನದು,
ಕೋಟೆಯ ಹಿಂದೆ ಹೊತ್ತಿಳಿಯುವುದು ಪುಕ್ಕಟೆ.

ಮೂವತ್ತೊಂದು ವರ್ಷ ಟ್ರಾಮ್ ಕಂಪನಿಯಲ್ಲಿ
ವಾರಸಿಲ್ಲದ ಸಾಮಾನಿನ ಕೌಂಟರಿನ ಹಿಂದೆ ಕೂತವಳು ನಾನು.
ಕೊಡೆ, ಒಂಟಿ ಕೈಗವಸು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು.
ಒಂದೊಂದಕ್ಕೂ ಚೀಟಿ ಕಟ್ಟಿ, ವರ್ಷ ಕಾದು, ಹರಾಜಿಗೆ ಕಳಿಸಿ
ಒಂದು ದಿನ ಕನ್ನಡಿಯಲ್ಲಿ ನನ್ನ ಕತ್ತನ್ನೇ ಮುಟ್ಟಿ ನೋಡಿಕೊಂಡೆ
ದಾರವೇನಾದರೂ ಇದೆಯೇ ಎಂದು.

ಬಂದ ಬೇಸಿಗೆಯಲ್ಲೇ ನಲ್ಲಿ ಕೆಮ್ಮಿತು.
ಒಂದು ಬಾಯಿ ಕೆಂಪು ಉಗುಳಿ ಸುಮ್ಮನಾಯಿತು.
ಮನೆಯೊಡತಿ ಮಬ್ರೂಕಾ ಕೆಳಗಿನಿಂದ ಏನೋ ಕೂಗಿದಳು,
ನನಗೆ ತಿಳಿದದ್ದು ಅವಳ ಕೈ ಮಾತ್ರ:
ಒಮ್ಮೆ ಆಕಾಶ, ಒಮ್ಮೆ ಬಕೆಟ್ಟು.
ಹಾಗೆ ಕಲಿತೆ ಈ ಊರಿನ ಮೊದಲ ವಾಕ್ಯ,
ಜಾ ಎಲ್‌ಮಾ?
ನೀರು ಬಂತಾ?
ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಅದೇ. ಅಂಚೆಯವನಿಗೆ ಅದೇ.
ಸಾವಿನ ಮನೆಗೆ ಹೋದಾಗಲೂ
ಬೇರೆ ಮಾತು ಬಾರದೆ ಬಾಯಿಗೆ ಅದೇ ಬಂದು
ನಾಲಿಗೆ ಕಚ್ಚಿಕೊಂಡೆ.

ಅಗ್ಗ ಅಂದೆನಲ್ಲ.
ಐನೂರು ದಿನಾರು ಅಂದಾಗ ಚೌಕಾಸಿ ಮಾಡದೆ ಎಣಿಸಿಕೊಟ್ಟಿದ್ದೆ,
ಒಳ್ಳೆಯವಳೆನಿಸಿಕೊಳ್ಳುವ ಚಪಲ.
ಮರುತಿಂಗಳು ಪಕ್ಕದ ಮನೆಯವನೂ ಐನೂರೆಂದ.
ಅಲ್ಲಿದ್ದ ನರ್ಸು ಹಯೆತ್
ಹಾಸಿಗೆ ಸುತ್ತಿ, ತೊಟ್ಟಿಲು ಬಿಚ್ಚಿ, ಊರಾಚೆ ಹೋದಳು.
ಈಗ ಆಸ್ಪತ್ರೆಗೆ ಎರಡು ಬಸ್ಸು ಅವಳಿಗೆ.
ಎದುರು ಸಿಕ್ಕರೆ ಈಗಲೂ ಎದೆಗೆ ಕೈಯಿಟ್ಟು ನಗುತ್ತಾಳೆ.
ಬಯ್ದಿದ್ದರೆ ಚೆನ್ನಿತ್ತು.

ಜನವರಿಯಲ್ಲಿ ಪಿಂಚಣಿ ನಿಂತಿತು.
ನಾನು ಬದುಕಿದ್ದೇನೆಂಬ ಕಾಗದ
ಬ್ರಸೆಲ್ಸ್ ಮುಟ್ಟಲಿಲ್ಲವಂತೆ.
ಇಲ್ಲಿ ಹಿಮ, ಓಕ್ ಮರಗಳ ಮೇಲೆ, ಸತ್ತ ಗ್ಯಾಸ್ ಸಿಲಿಂಡರಿನ ಮೇಲೆ.
ಅಲ್ಲಿ ಯಾವುದೋ ಕಪಾಟಿನಲ್ಲಿ ನಾನು, ಚೀಟಿ ಸಹಿತ.
ಲಾರೂಸಿಯ ಅಂಗಡಿಯಲ್ಲಿ ಬ್ರೆಡ್ಡು ಎತ್ತಿಕೊಂಡು
ಖಾಲಿ ಪರ್ಸು ತೆರೆದು ತೋರಿಸಿದೆ.
ಅವನು ಏನೂ ಕೇಳಲಿಲ್ಲ.
ಹರೀಸಾ ಡಬ್ಬಿಗಳ ಹಿಂದಿನಿಂದ
ಎಣ್ಣೆ ಕುಡಿದು ಉಬ್ಬಿದ ಪುಸ್ತಕ ತೆಗೆದು
ಬಲದಿಂದ ಎಡಕ್ಕೆ ಏನೋ ಗೀಚಿದ.
ಎರಡು ತಿಂಗಳು: ಸಾರ್ಡೀನು, ಮೊಟ್ಟೆ, ಕಡಲೆ,
ಒಂದು ಸಿಲಿಂಡರು (ಹೊತ್ತು ತಂದವನು ಅವನ ತಮ್ಮ),
ಒಂದು ದಿನ ನಾಚಿಕೆಯಿಲ್ಲದೆ ಚಾಕಲೇಟು.

ದುಡ್ಡು ಬಂತು. ನಾನು ಜೀವಂತವೆಂದು ಒಪ್ಪಿದರು.
ಲೆಕ್ಕ ತೀರಿಸಲು ಹೋದೆ. ಪುಟದ ನೆತ್ತಿಯ ಮೇಲಿನ ಸಾಲು
ನನ್ನ ಹೆಸರಿರಬೇಕು ಅಂದುಕೊಂಡು
ಮಬ್ರೂಕಾಳ ಮೊಮ್ಮಗಳು ಶೈಮಾಳನ್ನು ಓದು ಎಂದೆ.
ಹುಡುಗಿ ಓದಿದಳು, ಲಾರೂಸಿಯ ಮುಖ ನೋಡಿದಳು,
ನಗು ತಡೆಯಲು ಬೆರಳು ಕಚ್ಚಿದಳು.
ನೀರು ಬಂತಾ
ಎಂದಿತ್ತು.
ಕೆಳಗೆ ನನ್ನ ಚಳಿಗಾಲವೆಲ್ಲ.

ಲಾರೂಸಿ ಕಿವಿವರೆಗೆ ಕೆಂಪಾಗಿ ಒಂದೊಂದೇ ಸಾಲು ಹೊಡೆದ.
ಕೊನೆಯದನ್ನು, ಎರಡು ಮೊಟ್ಟೆ, ಹಾಗೇ ಬಿಟ್ಟ.
ಇರಲಿ, ಪೂರ್ತಿ ತೀರಿಸಿದರೆ ಪುಟ ಹರಿಯಬೇಕಾಗುತ್ತದೆ.

ನಿನ್ನೆ ರಾತ್ರಿ ಎರಡಕ್ಕೆ
ಗೋಡೆಯೊಳಗೆ ಕೊಳವೆ ಗುಡುಗಿತು.
ಬರಿಗಾಲಲ್ಲಿ ಬಾಲ್ಕನಿಗೆ ಓಡಿ
ಗೆಂಟ್‌ನಲ್ಲಿ ಎಂದೂ ಎತ್ತದ ದನಿಯಲ್ಲಿ ಕೂಗಿದೆ,
ಬಂತೂ!
ಒಂದು ಕಿಟಕಿ ಹೊತ್ತಿತು, ಆಮೇಲೆ ಮೂರು.
ಯಾರೋ ಬಕೆಟ್ಟು ಎಡವಿ ಬೈದುಕೊಂಡರು.
ಹಯೆತ್ ಇದ್ದ ಮನೆಯ ಕಿಟಕಿ ಮಾತ್ರ
ಇನ್ನೂ ಕತ್ತಲು. ಬಾಡಿಗೆಗೆ ಯಾರೂ ಬಂದಿಲ್ಲ.