ಎಡಗಾಲಿನ ಬೂಟು

ಸುಂಟಿಕೊಪ್ಪದಲ್ಲಿ ಸುದ್ದಿ ಬಸ್ಸಿನಲ್ಲೇ ಬರುತ್ತದೆ.
ಕುಶಾಲನಗರದಿಂದ ಬಂದದ್ದರಲ್ಲಿ ಹದಿನೆಂಟು ಲಕ್ಷ.
ಮಡಿಕೇರಿಯಿಂದ ಇಳಿದದ್ದರಲ್ಲಿ ಮೂವತ್ತು.
ಮಧ್ಯಾಹ್ನದ ಸೋಮವಾರಪೇಟೆ ಗಾಡಿ
ಗೋವಾ ಅಲ್ಲ, ಕಲ್ಕತ್ತೆ ಎಂದಿತು,
ಮೇಲೊಂದು ಕಾರು ಎಂದಿತು.
ಕಾಳುಮೆಣಸಿಗೂ ಒಂದೇ ದಿನಕ್ಕೆ
ಇಷ್ಟು ದರ ಏರಿದ್ದು ನಾ ಕಾಣೆ.

ಸುಜೀಶ,
ತೋಟದ ಲೈನ್ ಮನೆಯ ಪೀಚು ಹುಡುಗ,
ಕಾಫಿ ಕಣದಲ್ಲಿ ಬರಿಗಾಲಲ್ಲಿ ಚೆಂಡು ಒದ್ದು
ರೈಟರ ಕೈಲಿ ಬೈಸಿಕೊಂಡು ಬೆಳೆದವನು,
ಈಗ ಊರಿಗೆಲ್ಲ ಬರೀ ‘ಅಂತೆ’.
ಸಹಿ ಆಯಿತಂತೆ. ಆಗಿಲ್ಲವಂತೆ.
ಕಿಟಕಿ ತೆರೆದಿದೆಯಂತೆ,
ಕಕ್ಕಡ ಮುಗಿಯುವ ಹೊತ್ತಿಗೆ ಮುಚ್ಚುತ್ತದಂತೆ.
ಯಾವ ಕಿಟಕಿ ಮಾರಾಯ? ಎಂದೆ.
ಆಟಗಾರರನ್ನು ಕೊಳ್ಳುವ ಕಿಟಕಿ, ಅಂದ
ಆಟೊ ಓಡಿಸುವ ಹಂಸಾಕ.
ನನ್ನದು ಕೊಡೆಯ ಕೆಳಗಿನ ಅಂಗಡಿ.
ಗೋಡೆಯೇ ಇಲ್ಲ, ಕಿಟಕಿ ಎಲ್ಲಿಂದ ತಿಳಿಯಬೇಕು?

ನನಗೆ ತಿಳಿಯುವುದು ಅಟ್ಟೆ.

ಹೊಲಿಗೆ ಬಿಟ್ಟಿದೆಯೆಂದು ಮೊನ್ನೆ ಬೂಟು ತಂದ.
ಮಗುಚಿ ನೋಡಿದೆ.
ಬಲಗಾಲಿನ ಮುಳ್ಳುಗಳು
ಮುದುಕಿಯ ಹಲ್ಲಿನ ಹಾಗೆ ಸವೆದಿದ್ದವು.
ಎಡಗಾಲಿನವು ಡಬ್ಬಿಯಿಂದ ತೆಗೆದ ದಿನದಂತೆ,
ಹಿಮ್ಮಡಿಯ ಅಚ್ಚಿನ ಅಕ್ಷರ ಕೂಡ ಓದಬಹುದು.
ಎಡಗಾಲಿನ ಹುಡುಗ ಎಂದೇ ಹೆಸರಾದವನು!
ಆ ಕಾಲು ನೆಲಕ್ಕೆ ಊರಿ ಎಷ್ಟು ತಿಂಗಳಾಯಿತು?
ಕೇಳಲಿಲ್ಲ. ದಾರಕ್ಕೆ ಮೇಣ ಹಚ್ಚಿದೆ.
ಅವನೂ ಹೇಳಲಿಲ್ಲ.
ಮೈಲಿಗಲ್ಲಿನ ಮೇಲೆ ಕುಳಿತು
ಕಾಲು ಚಾಚಿಯೇ ಇಟ್ಟುಕೊಂಡಿದ್ದ,
ಬೇರೆ ಯಾರದೋ ಸಾಮಾನು
ಕಾಯುತ್ತಿರುವವನ ಹಾಗೆ.

ಮರುದಿನ ಬಿಳಿ ಕಾರಿನವನೊಬ್ಬ ಪಾಲಿಶಿಗೆ ನಿಂತ.
ಮಲಯಾಳ ಬೆರೆತ ಕನ್ನಡ, ಒಳ್ಳೆಯ ಚರ್ಮದ ಶೂ.
‘ಅವನ ಬೂಟು ನಿನ್ನಲ್ಲೇ ಅಲ್ಲವಾ? ಕಾಲು ಹೇಗಿದೆ?’
ಪೆಟ್ಟಿಗೆಯ ಮೇಲೆ ಐನೂರರ ನೋಟು,
ಹಾರದಂತೆ ಅದರ ಮೇಲೆ ನನ್ನದೇ ಉಳಿ.
ನಾನು ಚರ್ಮದ ಡಾಕ್ಟರು ಸಾಹೇಬರೇ,
ಅದೂ ಸತ್ತ ದನದ್ದು ಮಾತ್ರ, ಎಂದೆ.
ನಕ್ಕ. ‘ನಾಳೆ ಬೆಳಿಗ್ಗೆ ಬರುತ್ತೇನೆ.
ಬೂಟನ್ನಾದರೂ ತೋರಿಸು.’

ರಾತ್ರಿ ಬೀದಿದೀಪದ ಕೆಳಗೆ
ಎಡಗಾಲಿನ ಬೂಟನ್ನು ತೊಡೆಗಳ ನಡುವೆ ಇಟ್ಟು
ಅರ ತೆಗೆದುಕೊಂಡೆ.
ಹೆಬ್ಬೆರಳಿನ ಕೆಳಗೆ ಸ್ವಲ್ಪ,
ತಿರುಗುವ ಅಂಚಿನಲ್ಲಿ ಹೆಚ್ಚು,
ಹಿಮ್ಮಡಿಯಲ್ಲಿ ಓರೆಯಾಗಿ.
ಚೆಂಡು ಬಿಟ್ಟು ಮತ್ತೆ ಹಿಡಿಯುವವನು
ಎಲ್ಲಿ ಬ್ರೇಕ್ ಹಾಕುತ್ತಾನೋ ಅಲ್ಲಿ.
ಅವನು ಓಡದ ಪಂದ್ಯಗಳನ್ನೆಲ್ಲ
ಕೂತಲ್ಲೇ ಕೂತು ನಾನು ಓಡಿದೆ.
ಕೊನೆಯ ಬಸ್ಸು ಹೋಯಿತು.
ಕರಿ ರಬ್ಬರ್ ಪುಡಿ ಮಡಿಲ ತುಂಬ.

ಗೊತ್ತು ನನಗೆ.
ಮಂಡಿಯ ಒಳಗೆ ಇಣುಕುವ ಯಂತ್ರವಿದೆಯಂತೆ ಕೊಚ್ಚಿಯಲ್ಲಿ,
ಅದರ ಮುಂದೆ ನನ್ನ ಅರ ಯಾವ ಲೆಕ್ಕ.
ಗೊತ್ತಿದ್ದೂ ಮಾಡಿದೆ.
ಅವನಿಗಾಗಿಯೋ, ಬಸ್ಸುಗಳ ಮಾತು ಉಳಿಸಲೋ,
ಅಥವಾ ಜೋಡಿ ಎಂದ ಮೇಲೆ
ಎರಡೂ ಒಂದೇ ಸಮ ಸವೆದಿರಬೇಕು ಎಂಬ
ಕಸುಬಿನ ಹಟಕ್ಕೋ.

ಬಿಳಿ ಕಾರಿನವನು ಮಗುಚಿದ, ತಲೆದೂಗಿದ, ಹೋದ.
ನೋಟನ್ನು ಉಳಿಯ ಸಮೇತ ಮರೆತವನಂತೆ ಬಿಟ್ಟು.

ಹತ್ತಕ್ಕೆ ಸುಜೀಶ ಬಂದ.
ಅಟ್ಟೆ ನೋಡಿ ಬಹಳ ಹೊತ್ತು ಸುಮ್ಮನಿದ್ದ.
‘ಅಣ್ಣಾ, ಇದು ನನ್ನ ಬೂಟಲ್ಲ.’
ನಿನ್ನದೇ, ಎಂದೆ. ಹಾಕಿ ನೋಡು.
ಹಾಕಿದ. ಎಡಗಾಲಲ್ಲಿ ಕುಪ್ಪಳಿಸಿದ,
ಒಂದು. ಎರಡು.
ಮೂರನೆಯದಕ್ಕೆ ನನ್ನ ಕೊಡೆಯ ಕೋಲು ಹಿಡಿದ.
ಕೊಡೆ ವಾಲಿ, ನಿನ್ನೆಯ ನೀರು
ಇಬ್ಬರ ಮೇಲೂ ಸುರಿಯಿತು.

ಅವನು ಹತ್ತಿದ ಬಸ್ಸು ತಿರುವು ದಾಟುವ ಮೊದಲೇ
ಹಂಸಾಕ ಓಡಿಬಂದ:
ಎಷ್ಟಕ್ಕಂತೆ? ಕೊನೆಗೆ ಎಷ್ಟಕ್ಕಂತೆ?

ಅರವತ್ತು, ಎಂದೆ.
ಹೊಲಿಗೆಗೆ.