ಹೋಗಿದ್ದೇನು?

ಪಾಠದ ಹೆಸರು ಅಲೆಗಳು. ಪುಸ್ತಕದ ತುಂಬ ಸಮುದ್ರ.
ಬೆಟಗೇರಿಯ ನಮ್ಮ ಏಳನೇ ಇಯತ್ತೆಯಲ್ಲಿ
ಸಮುದ್ರ ನೋಡಿದವರು ಕೈ ಎತ್ತಿರಿ ಅಂದೆ.
ಇಪ್ಪತ್ತೆಂಟು ಮಂದಿ, ಒಂದೂ ಕೈ ಇಲ್ಲ.
ಆಮೇಲೆ ಇರ್ಫಾನ ಅರ್ಧ ಎತ್ತಿದ:
"ಟೀವ್ಯಾಗ ನೋಡೇನ್ರಿ, ಅಕ್ಕೋರ."
ನಾನೂ ಅಷ್ಟೇ ಅಂತ ಹೇಳಲಿಲ್ಲ.

ಪುಸ್ತಕ ಮುಚ್ಚಿ ಓಣಿಗೆ ಬಂದೆವು.
ಅಲ್ಲಿ ಹಾಸು ಹೂಡಿದ್ದರು, ಈ ಗೂಟದಿಂದ
ಹಿಟ್ಟಿನ ಗಿರಣಿಯ ತಿರುವಿನವರೆಗೆ,
ಸಾವಿರ ಎಳೆ, ಗಂಜಿ ಕುಡಿದು, ಬಿಸಿಲಿಗೆ ಮೈ ಕೊಟ್ಟು.
"ಮುಟ್ಟೀರಿ ಮತ್ತ!" ಪಂಪಣ್ಣ ಕುಂಚ ಎತ್ತಿದ.
ಎಳಿ ಹರದ್ರ ನಿಮ್ಮ ಅಕ್ಕೋರೇ ಗಂಟು ಹಾಕ್ಲಿ ಅಂತ
ನನಗೂ ಒಂದು ಮಾತು.
ಕೊನೆಗೆ ಒಳಗಿನಿಂದ ತಾನೇ
ಒಂದು ಹಳೇ ಹಗ್ಗ ತಂದು ಎಸೆದ.

ಒಂದು ತುದಿ ಕಿಟಕಿಯ ಸರಳಿಗೆ.
ಇನ್ನೊಂದು ನೀಲಾಳ ಕೈಗೆ.
ನಡುವೆ ಒಂದು ಕೆಂಪು ಚಿಂದಿ ಕಟ್ಟಿದೆ.
ಜಾಡಿಸು ಅಂದೆ, ಜಾಡಿಸಿದಳು.
ಹಗ್ಗದಲ್ಲೊಂದು ಗೂನು ಎದ್ದಿತು, ಓಡಿತು,
ಸರಳಿಗೆ ಹಾಯ್ದು ತಲೆಕೆಳಗಾಗಿ
ವಾಪಸು ಬಂತು, ಅಂಗಡಿಗೆ ಕಳಿಸಿದ ಹುಡುಗ
ರೊಕ್ಕ ಮರೆತು ಬಂದ ಹಾಗೆ.

"ಚಿಂದಿ ಎಲ್ಲಿದೆ?"
"ಇದ್ದಲ್ಲೇ ಐತ್ರಿ."
"ಏನು ಮಾಡಿತು?"
"ಎದ್ದು ನಿಂತು, ಕುಂತಿತ್ರಿ."
"ಹಾಗಾದರೆ ಹೋಗಿದ್ದೇನು?"

ಎಲ್ಲ ಸುಮ್ಮನಾದರು.
ಗಂಜಿ ತೊಟ್ಟಿಕ್ಕುವುದು ಕೇಳುತ್ತಿತ್ತು.
ನೀಲಾ ತನ್ನ ಮಣಿಕಟ್ಟು ನೋಡಿಕೊಂಡಳು.
"ನಾ ಜಾಡಿಸಿದ್ದು ಹೋತ್ರಿ."
ಮರುದಿನ ಹಲಗೆಯ ಮೇಲೆ
ಅವಳ ಮಾತನ್ನೇ ದೊಡ್ಡದಾಗಿ ಬರೆದೆ,
ಪಕ್ಕದಲ್ಲಿ, ಸಣ್ಣದಾಗಿ, ಶಕ್ತಿ ಅಂತ.

ನಿಧಾನ ಅಲುಗಿಸಿದರೆ ಉದ್ದುದ್ದ ಅಲೆ, ಎಮ್ಮೆಯ ನಡಿಗೆ.
ಲಗುಲಗು ಅಲುಗಿಸಿದರೆ ಗಿಡ್ಡ ಗಿಡ್ಡ, ಒತ್ತೊತ್ತು.
ಹಗ್ಗ ಬಿಗಿದರೆ ಓಟ ಜೋರು,
ಸಡಿಲ ಬಿಟ್ಟರೆ ತೂಕಡಿಸುತ್ತ ಹೋಗುತ್ತದೆ.
ಬರೀ ಎತ್ತರ ಜಾಡಿಸಿದರೆ ಮಾತ್ರ
ಅಲೆ ಬೇಗ ಮುಟ್ಟುವುದಿಲ್ಲ:
ಇದನ್ನು ಇರ್ಫಾನ ಕಂಡುಹಿಡಿದ, ಪಂದ್ಯ ಕಟ್ಟಿ,
ಮೂರು ಗೋಲಿ ಸೋತು.

ಸರಳಿನ ತುದಿ ಬಿಚ್ಚಿ ಗವಿಸಿದ್ದನಿಗೆ ಕೊಟ್ಟೆ.
ಇಬ್ಬರೂ ಒಟ್ಟಿಗೆ. ಎರಡು ಗೂನು, ಎದುರುಬದುರು.
ಢಿಕ್ಕಿ ಅಂತ ಕಣ್ಣು ಮುಚ್ಚಿದವರೇ ಹೆಚ್ಚು.
ಚಿಂದಿಯ ಹತ್ತಿರ, ಒಂದೇ ಒಂದು ಗಳಿಗೆ,
ಎರಡೂ ಸೇರಿ ದೊಡ್ಡ ಗುಡ್ಡವಾಗಿ
ಮತ್ತೆ ಎರಡಾಗಿ
ತಂತಮ್ಮ ದಾರಿ ಹಿಡಿದವು, ತರಚಿದ ಗಾಯವೂ ಇಲ್ಲದೆ.
ಈ ಓಣಿಯಲ್ಲಿ ಸೈಕಲ್ಲುಗಳಿಗೆ ಅದು ಬರುವುದಿಲ್ಲ.

ಶಬ್ದವೂ ಅಲೆಯೇ ಅಂದೆ. ಯಾರೂ ನಂಬಲಿಲ್ಲ.
ಹೆಗಲಿಗೆ ಕೈಯಿಟ್ಟು ಸಾಲಾಗಿ ನಿಲ್ಲಿಸಿ
ಹಿಂದಿನವನನ್ನು ಮೆಲ್ಲಗೆ ನೂಕಿದೆ.
ಅವನು ಮುಂದಿನವನನ್ನು ನೂಕಿ ನೆಟ್ಟಗಾದ,
ಆಕೆ ಇನ್ನೊಬ್ಬಳನ್ನು; ನೂಕು ಸಾಗುತ್ತ ಸಾಗುತ್ತ
ತುದಿಯ ಶಿರೀನ ಬೂದಿಗುಂಡಿಗೆ ಬಿದ್ದಳು.
ಗಾಳಿಯೂ ಹೀಗೇ ಪಕ್ಕದ ಗಾಳಿಯನ್ನು ನೂಕಿ
ತನ್ನ ಜಾಗಕ್ಕೆ ಮರಳುತ್ತದೆ ಅಂದೆ.
ಶಿರೀನಳ ಲಂಗ ಝಾಡಿಸುತ್ತಿದ್ದವರು ಕೇಳಲಿಲ್ಲ.

ಆಗ ರುದ್ರಾಂಬಿಕೆ, ವರ್ಷವಿಡೀ ಬಾಯಿ ಬಿಡದವಳು:
"ನಮ್ಮಪ್ಪಗ ಕಿವಿ ಕೇಳ್ಸೂದಿಲ್ರಿ.
ಮೂವತ್ತು ವರ್ಷ ಆತು ಕರೆಂಟಿನ ಮಗ್ಗದಾಗ.
ಆದ್ರ ಗ್ವಾಡಿಗೆ ಅಂಗೈ ಇಟ್ಟು
ಯಾವ ಮಗ್ಗ ನಿಂತೈತಿ ಅಂತ ಹೇಳ್ತಾನ್ರಿ."

ಎಲ್ಲರೂ ಶೆಡ್ಡಿನ ಗೋಡೆಗೆ ಓಡಿದರು.
ಇಪ್ಪತ್ತೆಂಟು ಜೋಡಿ ಅಂಗೈ,
ನನ್ನದೂ, ಪಂಪಣ್ಣನ ಗಂಜಿಗೈಯೂ.
ಬಿಸಿ ಗೋಡೆ, ಒಳಗೆ ಸಣ್ಣ ನಡುಕ,
ಮೊಣಕೈವರೆಗೂ ಏರಿ ಬಂತು.
ನನ್ನ ಬಳೆಗಳು ಯಾರೂ ಅಲುಗಿಸದೆ
ಗಿಣಿಗಿಣಿ ಅನ್ನತೊಡಗಿದವು.

"ಒಂದು ನಿಂತಿತ್ರಿ" ಅಂದಳು ರುದ್ರಾಂಬಿಕೆ.
ನಮಗೆ ಗೊತ್ತಾಗಲಿಲ್ಲ.
ಒಳಗೆ ಅವಳಪ್ಪ
ಹರಿದ ಎಳೆಗೆ ಗಂಟು ಹಾಕುತ್ತಿರಬೇಕು.
ಕೈ ತೆಗೆಯಬೇಡಿರಿ, ಅಂದೆ.
ಈಗ ಮತ್ತೆ ಶುರುವಾಗುತ್ತದೆ.