ಏಳನೆಯ ಮನೆ

ಆಗಸ್ಟ್. ಇಟಾಯಾ ನದಿ ಇಳಿದಿದೆ.
ಬೆಲೆನ್ ಕೇರಿಯ ಮರಗಾಲು ಮನೆಗಳಿಗೆಲ್ಲ
ಎದೆಮಟ್ಟಕ್ಕೊಂದು ಕೆಸರ ಗೆರೆ.
ನೀರು ಎಲ್ಲಿಯವರೆಗೆ ಬಂದಿತ್ತೆಂದು
ಯಾರನ್ನೂ ಕೇಳಬೇಕಿಲ್ಲ.

ಜನರೊಳಗಿನ ಗೆರೆ ಹುಡುಕಲು ಬಂದವಳು ನಾನು.
ಚೀಲದಲ್ಲಿ ಸೂಜಿ, ಹತ್ತಿ, ಒದ್ದೆಯಾದ ನಕ್ಷೆ.
ಏಳು ಮನೆಗೊಂದು ಮನೆ,
ಒಳಗಿದ್ದವರಿಗೆಲ್ಲ ತಲೆಗೊಂದು ಹನಿ.
ಅನ್ನ ಬೆಂದಿದೆಯೇ ನೋಡಲು ಒಂದಗುಳು ಸಾಕು;
ಊರು ಎಷ್ಟು ಬೆಂದಿದೆ ನೋಡಲು
ಐನೂರ ಹನ್ನೆರಡು ಬೇಕೆಂದು
ಲೀಮಾದಲ್ಲಿ ಕೂತು ಲೆಕ್ಕ ಹಾಕಿದ್ದಾರೆ.

ಆಸ್ಪತ್ರೆಯ ಪುಸ್ತಕದಲ್ಲಿ ಈ ಓಣಿಯ ರೋಗಿಗಳು ನಾಲ್ವರು.
ಪುಸ್ತಕ ಸುಳ್ಳು ಹೇಳುವುದಿಲ್ಲ,
ಬಾಗಿಲಿಗೆ ಬಂದವರನ್ನಷ್ಟೇ ಎಣಿಸುತ್ತದೆ.

"ನನಗೇನೂ ಆಗಿಲ್ಲ" ಅನ್ನುತ್ತಾನೆ ದೋಣಿಯ ಎದೆಲ್ಮಿರೋ,
"ಒಂದು ವಾರ ಮೀನಿಗೆ ವಾಸನೆ ಇರಲಿಲ್ಲ, ಅಷ್ಟೆ.
ತಪ್ಪು ಮೀನಿನದೇ ಅಂದುಕೊಂಡೆ."
ಎರಡು ಗೆರೆ.
"ಶುಂಠಿ ಕುದಿಸಿ ಕುಡಿದೆ, ಮುಗೀತು" ಅನ್ನುವ ಅಜ್ಜಿಗೂ
ಎರಡು.
ಅಳದೆ ಬೆರಳು ಕೊಟ್ಟ ಅವಳ ಮೊಮ್ಮಗನಿಗೆ ಒಂದೇ;
ತಂಗಿಗೆ ಎರಡು ಬಂದದ್ದಕ್ಕೆ
ಅವನು ನನ್ನೊಡನೆ ಮಾತು ಬಿಟ್ಟ.

ದೆಲ್ಮಿರಾ ಮುರಾಯಾರಿ, ಮೂವತ್ತೆಂಟು, ಸಂತೆಯಲ್ಲಿ ಬಾಳೆ ಮಾರುತ್ತಾಳೆ.
ಸೀನೂ ಬರಲಿಲ್ಲವಂತೆ.
ಮನೆಯಲ್ಲಿ ಎಷ್ಟು ಜನ ಮಲಗುತ್ತೀರಿ?
"ಐದು" ಅಂದಳು. ತಡೆದು, "ನಾಲ್ಕು."
ಮೊಳೆಗೆ ಸುತ್ತಿಟ್ಟ ಜೋಲಿಯೊಂದು ನೇತಾಡುತ್ತಿತ್ತು,
ನಾನು ಕೇಳಲಿಲ್ಲ.

ಎರಡನೆಯ ಗೆರೆ ಮೂಡುವುದನ್ನು
ಅವಳೂ ನೋಡುತ್ತಿದ್ದಳು.
"ಇದು ಯಾವಾಗ ಬಂದದ್ದೆಂದು ಹೇಳುತ್ತದೆಯೇ?"
ಇಲ್ಲ.
"ಮೇ ಹತ್ತಕ್ಕೆ ಮೊದಲೋ, ಆಮೇಲೋ. ಅಷ್ಟೇ ಸಾಕು ನನಗೆ."
ಇಲ್ಲ, ನೆತ್ತರು ತಾರೀಖು ಬರೆದಿಡುವುದಿಲ್ಲ.
"ಅಮ್ಮ ಮೆಟ್ಟಿಲು ಇಳಿದವಳಲ್ಲ," ಅಂದಳು,
"ಹೊರಗಿನಿಂದ ಬರುತ್ತಿದ್ದವಳು ನಾನೊಬ್ಬಳೇ."

ವಯಸ್ಸು, ಕಸುಬು, ಕೋಣೆಗಳ ಸಂಖ್ಯೆ, ಕುಡಿಯುವ ನೀರು:
ನನ್ನ ಹಾಳೆಯಲ್ಲಿ ಹತ್ತೊಂಬತ್ತು ಕಲಮುಗಳಿವೆ.
ಇಪ್ಪತ್ತನೆಯದರ ಎದುರು
ನಾವಿಬ್ಬರೂ ಸ್ವಲ್ಪ ಹೊತ್ತು ಕೂತಿದ್ದೆವು.
ಅವಳು ಹಣ್ಣಾದ ಬಾಳೆ ಎರಡು ಕೊಟ್ಟಳು,
ಮುಟ್ಟಬಹುದಲ್ಲ ಈಗ, ಎಂದು ಕೇಳಿಕೊಂಡು.

ಸಂಜೆ ದೋಣಿಯಲ್ಲಿ ಕೂಡಿಸುತ್ತ ಬಂದೆ.
ನಾಲ್ವರಲ್ಲ. ನಾನೂರಕ್ಕೆ ಹತ್ತಿರ ಹತ್ತಿರ.
ಎದೆಲ್ಮಿರೋ ಮೋಟಾರು ನಿಲ್ಲಿಸಿ ಕೇಳಿದ,
"ಇದು ಒಳ್ಳೆಯದೋ ಕೆಟ್ಟದ್ದೋ?"
ಎರಡೂ ಎನ್ನುವಷ್ಟರಲ್ಲಿ ದಡ ಬಂತು.

ಪರೀಕ್ಷೆಪಟ್ಟಿ ಒಂದು ಉಳಿದಿತ್ತು.
ಹಾಳಾಯಿತು ಎಂದು ಬರೆದು ಜೇಬಿಗಿಟ್ಟುಕೊಂಡೆ.
ನೌತಾದಿಂದ ಅಮ್ಮ ಫೋನು ಮಾಡುತ್ತಿದ್ದಾಳೆ:
ಭಾನುವಾರ ಬರುತ್ತೀಯಲ್ಲ, ಮೀನು ತರಿಸಲೇ?
ಕೈಗವಸು ಇನ್ನೂ ತೆಗೆದಿಲ್ಲ ನಾನು.